ಮ್ಯಾಗ್ವಿಚ್‌ನನ್ನು ಕಂಡು ಪಿಪ್ ಹೇಸಿದ್ದೇಕೆ?

ಪ್ರಶ್ನೆ: ಚಾರ್ಲ್ಸ್ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ ಈಗಷ್ಟೇ ಓದಿ ಮುಗಿಸಿದೆ. ಪಿಪ್‌ನ ಓದು, ಬಟ್ಟೆ, ಲಂಡನ್ನಿನ ಮನೆ ಎಲ್ಲಕ್ಕೂ ಗುಟ್ಟಾಗಿ ದುಡ್ಡು ಕೊಟ್ಟವನು ಗಡಿಪಾರಾದ ಕೈದಿ ಮ್ಯಾಗ್ವಿಚ್. ಜೀವದ ಹಂಗು ತೊರೆದು ಹುಡುಗನನ್ನು ನೋಡಲು ಬಂದರೆ ಪಿಪ್ ಅವನ ಕೈ ತಾಗಿದ್ದಕ್ಕೇ ಮುದುಡಿಕೊಳ್ಳುತ್ತಾನೆ. ಇದು ಕೃತಘ್ನತೆಯಲ್ಲವೇ?

ಉತ್ತರ: ಪಿಪ್ ಕೃತಘ್ನನೇ. ಆದರೆ ಅವನು ಉಪಕಾರ ಮರೆತದ್ದು ಭಾವ ಜೋನ ವಿಷಯದಲ್ಲಿ. ಮ್ಯಾಗ್ವಿಚ್ ಬಂದ ರಾತ್ರಿ ಅದರ ಲೆಕ್ಕ ಒಮ್ಮೆಗೇ ಅವನ ಕಣ್ಣೆದುರು ನಿಂತಿತು. ಆ ಹೇಸಿಗೆಯ ಬಹುಪಾಲು ತನ್ನ ಮೇಲಿನದೇ ಎಂದು ನಾನು ಓದಿಕೊಂಡಿದ್ದೇನೆ.

ಪಿಪ್ ಕೆಂಟ್ ಪ್ರಾಂತ್ಯದ ಜವುಗು ಬಯಲಿನ ಅಂಚಿನ ಹಳ್ಳಿಯ ತಬ್ಬಲಿ. ಅಕ್ಕ ಬೈದು ಬಡಿದು ಸಾಕುತ್ತಾಳೆ. ಅವಳ ಗಂಡ, ಕಮ್ಮಾರ ಜೋ ಗಾರ್ಜರಿ, ಅವನ ಒಬ್ಬನೇ ಗೆಳೆಯ. ಮದುವೆಯ ದಿನ ಮೋಸಹೋಗಿ ಗಡಿಯಾರಗಳನ್ನೆಲ್ಲ ನಿಲ್ಲಿಸಿ ಕುಳಿತ ಮಿಸ್ ಹ್ಯಾವಿಶಾಮ್ ಈ ಹುಡುಗನನ್ನು ಆಡಲು ಕರೆಸಿಕೊಳ್ಳುತ್ತಾಳೆ. ಅಲ್ಲಿ ಅವಳ ಸಾಕುಮಗಳು ಎಸ್ಟೆಲಾ ಪಿಪ್‌ನ ಒರಟು ಕೈ, ದಪ್ಪ ಬೂಟು ನೋಡಿ ನಗುತ್ತಾಳೆ. ಅಂದಿನಿಂದ ಪಿಪ್‌ಗೆ ಕುಲುಮೆಯೂ ನಾಚಿಕೆ, ಮಸಿಯೂ ನಾಚಿಕೆ, ಅಕ್ಷರ ಬಾರದ ಜೋ ಅಂತೂ ಇನ್ನೂ ನಾಚಿಕೆ.

ಕುಲುಮೆಯಲ್ಲಿ ಕೆಲಸ ಕಲಿಯುತ್ತಿದ್ದ ನಾಲ್ಕನೆಯ ವರ್ಷ ಜ್ಯಾಗರ್ಸ್ ಎಂಬ ಲಂಡನ್ನಿನ ವಕೀಲ ಬಂದು, ಹೆಸರು ಹೇಳಲೊಲ್ಲದ ಒಬ್ಬರಿಂದ ನಿನಗೆ ದೊಡ್ಡ ಆಸ್ತಿ ಬರಲಿದೆ ಎನ್ನುತ್ತಾನೆ. ಅವನೇ ಹ್ಯಾವಿಶಾಮ್‌ಗೂ ವಕೀಲ. ಪಿಪ್‌ಗೆ ಅಷ್ಟೇ ಸಾಕಾಯಿತು: ದುಡ್ಡು ಅವಳದು, ತನ್ನನ್ನು ಜಂಟಲ್‌ಮನ್ ಮಾಡಿ ಎಸ್ಟೆಲಾಳನ್ನು ತನಗೇ ಕೊಡುವುದು ಅವಳ ಇರಾದೆ! ಅವಳೂ ಅವನ ಭ್ರಮೆಯನ್ನು ಕಳೆಯುವುದಿಲ್ಲ. ಹುಡುಗನನ್ನು ಬಿಟ್ಟುಕೊಡುವುದಕ್ಕೆ ಪರಿಹಾರವೇನಾದರೂ ಬೇಕೇ ಎಂದು ಜ್ಯಾಗರ್ಸ್ ಕೇಳಿದಾಗ ಒಂದು ಕಾಸೂ ಬೇಡವೆಂದು ಸಿಟ್ಟಾದವನು ಜೋ. ಅದೇ ಜೋ ಮುಂದೆ ಲಂಡನ್ನಿಗೆ ಬರುತ್ತಾನೆಂದು ತಿಳಿದಾಗ, ದುಡ್ಡು ಕೊಟ್ಟು ತಪ್ಪಿಸುವಂತಿದ್ದರೆ ಕೊಟ್ಟೇಬಿಡುತ್ತಿದ್ದೆ ಎಂದುಕೊಳ್ಳುತ್ತಾನೆ ಪಿಪ್. ಜೋ ಬರುತ್ತಾನೆ, ಸಾಕಿದ ಹುಡುಗನನ್ನೇ ‘ಸರ್’ ಎನ್ನುತ್ತಾನೆ. ಅವನ ಟೋಪಿ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಿಂದ ಮತ್ತೆ ಮತ್ತೆ ಜಾರಿ ಬೀಳುತ್ತದೆ. ಇಡೀ ಕಾದಂಬರಿಯಲ್ಲಿ ನನಗೆ ಓದಲು ಅತಿ ಕಷ್ಟವಾಗುವುದು ಈ ನಗೆಪ್ರಸಂಗವೇ.

ಈಗ ನೀವು ಕೇಳಿದ ರಾತ್ರಿ. ಪಿಪ್‌ಗೆ ಇಪ್ಪತ್ತಮೂರು ವರ್ಷ. ಹೊರಗೆ ಬಿರುಗಾಳಿ, ಮಳೆ. ಮೆಟ್ಟಿಲೇರಿ ಬಂದವನು ತಾನು ಬಾಲ್ಯದಲ್ಲಿ ಹೆದರಿ ಅನ್ನವನ್ನೂ ಅರವನ್ನೂ ಕದ್ದು ತಂದುಕೊಟ್ಟ ಕೈದಿ ಎಂದು ಗೊತ್ತಾಗುತ್ತದೆ. ಹಿಂದೊಮ್ಮೆ ಆ ಕೈದಿ ಯಾರದೋ ಕೈಲಿ ಒಂದು ಪೌಂಡಿನ ಎರಡು ನೋಟು ಕಳಿಸಿದ್ದ. ಪಿಪ್ ದೊಡ್ಡ ಮನುಷ್ಯನ ಗತ್ತಿನಲ್ಲಿ ಎರಡು ಹೊಸ ನೋಟು ತೆಗೆದು ಋಣ ತೀರಿಸಹೊರಡುತ್ತಾನೆ. ಬಂದವನು ಮಾತಾಡದೆ ಆ ನೋಟುಗಳನ್ನು ಮಡಚಿ, ಹೊಸೆದು, ದೀಪಕ್ಕೆ ಹಿಡಿದು ಸುಡುತ್ತಾನೆ. ಆಮೇಲಷ್ಟೇ ಒಂದೊಂದೇ ಪ್ರಶ್ನೆ: ನಿನ್ನ ವರ್ಷದ ವರಮಾನ ಎಷ್ಟು, ಹೇಳಲೇ? ನಿನ್ನ ವಕೀಲನ ಹೆಸರಿನ ಮೊದಲ ಅಕ್ಷರ ಯಾವುದು, ಹೇಳಲೇ?

ಪಿಪ್ ಕುಸಿಯುವುದು ಇಲ್ಲಿ. ಹ್ಯಾವಿಶಾಮ್‌ಳ ಯೋಜನೆ ಎಂಬುದು ಇರಲೇ ಇಲ್ಲ, ಎಸ್ಟೆಲಾ ತನಗೆಂದು ಇಟ್ಟವಳಲ್ಲ. ಇದರ ನೋವನ್ನು ಅವನು ಮೊದಲು ಹೇಳಿಕೊಳ್ಳುತ್ತಾನೆ. ಎಲ್ಲಕ್ಕಿಂತ ಆಳವಾದ ನೋವನ್ನು ಕೊನೆಗೆ ಹೇಳುತ್ತಾನೆ: ಈ ಕೈದಿಯ ದುಡ್ಡಿಗಾಗಿ ನಾನು ಜೋನನ್ನು ಬಿಟ್ಟುಬಂದೆ. ಎಸ್ಟೆಲಾಳಿಗಾಗಿ ಬಿಟ್ಟೆ ಎಂದುಕೊಂಡಷ್ಟು ಕಾಲ ಅದಕ್ಕೊಂದು ನೆಪವಿತ್ತು. ಆ ನೆಪವೂ ಹೋಯಿತು.

ಭಯವೂ ಸೇರಿತ್ತು, ಅದನ್ನು ಮರೆಯಬಾರದು. ಮ್ಯಾಗ್ವಿಚ್‌ಗೆ ಆದದ್ದು ಜೀವಾವಧಿ ಗಡಿಪಾರು. ನಮ್ಮವರು ಕರಿನೀರಿನ ಶಿಕ್ಷೆ ಎನ್ನುತ್ತಿದ್ದ ಜಾತಿಯದು, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ಗೆ. ಕತೆ ನಡೆಯುವ ಕಾಲದಲ್ಲಿ ಅಲ್ಲಿಂದ ಮರಳಿದವನಿಗೆ ಗಲ್ಲು. ಆ ಕಾನೂನು 1834ರಲ್ಲಿ ಹೋಯಿತು. ಡಿಕನ್ಸ್ ತನ್ನ ವಾರಪತ್ರಿಕೆಯಲ್ಲಿ ಇದನ್ನು 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ಧಾರಾವಾಹಿಯಾಗಿ ಬರೆಯುವಾಗ ಅದು ಹಳೆಯ ಮಾತಾಗಿತ್ತು.

ಇನ್ನೊಂದು ವಿಷಯದಲ್ಲಿ ನಾನು ಪಿಪ್‌ನ ಪರ. ಮ್ಯಾಗ್ವಿಚ್‌ನ ಪ್ರೀತಿ ನಿಜ, ಆದರೆ ಅದರಲ್ಲಿ ಒಡೆತನವೂ ಇದೆ. ವಸಾಹತಿನ ಸಿರಿವಂತರು ಕುದುರೆಯ ಮೇಲೆ ಧೂಳೆಬ್ಬಿಸಿಕೊಂಡು ಹೋಗುವಾಗಲೆಲ್ಲ, ಕುರಿ ಕಾಯುತ್ತಿದ್ದ ಅವನು, ನಾನು ಜಂಟಲ್‌ಮನ್ ಅಲ್ಲದಿದ್ದರೇನು, ಒಬ್ಬ ಜಂಟಲ್‌ಮನ್‌ನ ಯಜಮಾನ ಎಂದು ಸಮಾಧಾನ ಪಟ್ಟುಕೊಂಡವನು. ಬಂದಮೇಲೆ ಪಿಪ್‌ನ ಕೈಲಿ ಪರಭಾಷೆಯ ಪುಸ್ತಕ ಓದಿಸಿ, ಒಂದಕ್ಷರ ಅರ್ಥವಾಗದಿದ್ದರೂ ಹೆಮ್ಮೆಯಿಂದ ನೋಡುತ್ತಾ ನಿಲ್ಲುತ್ತಾನೆ. ಹ್ಯಾವಿಶಾಮ್ ಗಂಡು ಜಾತಿಯ ಮೇಲಿನ ಹಗೆಗೆ ಎಸ್ಟೆಲಾಳನ್ನು ಬೆಳೆಸಿದಂತೆಯೇ ಇವನು ತನ್ನನ್ನು ತುಳಿದ ವರ್ಗದ ಮೇಲಿನ ಹಗೆಗೆ ಪಿಪ್‌ನನ್ನು ಬೆಳೆಸಿದ. ಎಸ್ಟೆಲಾ ಇದೇ ಮ್ಯಾಗ್ವಿಚ್‌ನ ಮಗಳು ಎಂಬ ಗುಟ್ಟು ಬಿಚ್ಚಿಕೊಂಡಾಗ ಈ ಎರಡು ಎಳೆಗಳು ಗಂಟುಬೀಳುತ್ತವೆ.

ಹಗೆಗೆ ಕಾರಣವಿಲ್ಲದೆ ಇಲ್ಲ. ಹ್ಯಾವಿಶಾಮ್‌ಳಿಗೆ ಕೈಕೊಟ್ಟ ಕಾಂಪೇಸನ್ನನೇ ಮ್ಯಾಗ್ವಿಚ್‌ನನ್ನೂ ವಂಚನೆಯ ದಂಧೆಗೆ ಎಳೆದವನು. ಇಬ್ಬರೂ ಒಟ್ಟಿಗೆ ಕೋರ್ಟಿನಲ್ಲಿ ನಿಂತಾಗ ಕಾಂಪೇಸನ್‌ನ ಗುಂಗುರು ಕೂದಲು, ಕಪ್ಪು ಸೂಟು, ಬಿಳಿ ಕರ್ಚೀಫು ನೋಡಿ ನ್ಯಾಯಾಧೀಶರು ಅವನಿಗೆ ಏಳು ವರ್ಷ ಕೊಟ್ಟರು, ಮ್ಯಾಗ್ವಿಚ್‌ಗೆ ಹದಿನಾಲ್ಕು (ಜೀವಾವಧಿ ಗಡಿಪಾರು ಆದದ್ದು ಆಮೇಲೆ, ಸೆರೆಯಿಂದ ತಪ್ಪಿಸಿಕೊಂಡದ್ದಕ್ಕೆ). ಜಂಟಲ್‌ಮನ್ ಆಗುವುದೆಂದರೆ ಏನೆಂದು ಮ್ಯಾಗ್ವಿಚ್ ಕಲಿತದ್ದು ಕಟಕಟೆಯಲ್ಲಿ.

ಹಾಗಾದರೆ ಕೈದಿಯ ದುಡ್ಡು ಕೊಳಕೇ? ಅವನು ಅದನ್ನು ಕುರಿ, ದನ ಸಾಕಿ ದುಡಿದದ್ದು. ಇತ್ತ ಜ್ಯಾಗರ್ಸ್ ಕೊಲೆಗಾರರ ಪರ ವಾದಿಸಿ ಗಳಿಸುತ್ತಾನೆ, ಪ್ರತಿ ಕಕ್ಷಿದಾರ ಹೋದಮೇಲೂ ಸುವಾಸನೆಯ ಸೋಪಿನಲ್ಲಿ ಕೈ ತೊಳೆಯುತ್ತಾನೆ. ಅವನ ಗುಮಾಸ್ತ ವೆಮಿಕ್ ಗಲ್ಲಿಗೇರುವವರಿಂದ ಉಂಗುರ, ಬ್ರೂಚು ಸಂಗ್ರಹಿಸುತ್ತಾನೆ. ಅವರ ಮೇಲೆ ಪಿಪ್‌ಗೆ ಇಂಥ ಜಿಗುಪ್ಸೆ ಹುಟ್ಟುವುದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ, ತಂದೆ ಸಾಲಕ್ಕಾಗಿ ಮಾರ್ಷಲ್ಸಿ ಜೈಲು ಸೇರಿದ್ದಾಗ, ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದವನು ಡಿಕನ್ಸ್. ಅದು ಲೋಕಕ್ಕೆ ತಿಳಿದದ್ದು 1870ರಲ್ಲಿ ಅವನು ತೀರಿಕೊಂಡ ಮೇಲೆ, ಗೆಳೆಯ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ. ಹುಟ್ಟನ್ನು ಮರೆಮಾಚುವ ಪಿಪ್‌ನ ನಾಚಿಕೆಯನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹೇಸಿಗೆ ಕರಗುವುದು ಥೇಮ್ಸ್ ನದಿಯಲ್ಲಿ. ಮ್ಯಾಗ್ವಿಚ್‌ನನ್ನು ಹಡಗು ಹತ್ತಿಸಿ ಪಾರುಮಾಡುವ ಯತ್ನ ಕೆಡುತ್ತದೆ, ಕಾಂಪೇಸನ್ ಮುಳುಗಿ ಸಾಯುತ್ತಾನೆ. ಗಾಯಗೊಂಡು ಬೇಡಿ ತೊಟ್ಟವನ ಪಕ್ಕ ಕುಳಿತ ಪಿಪ್‌ಗೆ, ನಾನು ಜೋಗೆ ಏನಾಗಿದ್ದೆನೋ ಅದಕ್ಕಿಂತ ಎಷ್ಟೋ ಒಳ್ಳೆಯವನು ಇವನು ಎನಿಸುತ್ತದೆ. ಮತ್ತೆ ಜೋನ ಅಳತೆಗೋಲೇ, ನೋಡಿ. ಮೂವತ್ತೆರಡು ಮಂದಿಗೆ ಒಟ್ಟಿಗೆ ಮರಣದಂಡನೆ ಓದುವ ದಿನ ಪಿಪ್ ಎಲ್ಲರೆದುರು ಅವನ ಕೈ ಹಿಡಿದು ನಿಲ್ಲುತ್ತಾನೆ. ಅಪರಾಧಿಯ ಆಸ್ತಿ ಸರಕಾರಕ್ಕೆ ಸೇರುತ್ತದೆ ಎಂಬ ಕಾನೂನನ್ನು (ಅದು ರದ್ದಾದದ್ದು 1870ರಲ್ಲಿ) ಅವನಿಗೆ ತಿಳಿಯಗೊಡುವುದಿಲ್ಲ. ಗಲ್ಲಿಗೆ ಮೊದಲೇ ಜೈಲಿನ ಆಸ್ಪತ್ರೆಯಲ್ಲಿ ಸಾಯುವ ಮುದುಕ, ತನ್ನ ಹುಡುಗ ಸಿರಿವಂತನಾಗಿಯೇ ಇರುತ್ತಾನೆಂದು ನಂಬಿಯೇ ಹೋಗುತ್ತಾನೆ.

ನಿಜ ತಿಳಿದ ಮೇಲೆ ಪಿಪ್ ಆ ದುಡ್ಡಿನಿಂದ ದೂರವಿರಲು ನಿಶ್ಚಯಿಸಿದ್ದನಷ್ಟೇ. ಆದರೆ ಇಪ್ಪತ್ತೊಂದು ತುಂಬಿದಾಗ ಬಂದ ಐನೂರು ಪೌಂಡಿನಲ್ಲಿ ಅರ್ಧವನ್ನು ಗುಟ್ಟಾಗಿ ಗೆಳೆಯ ಹರ್ಬರ್ಟ್‌ನ ವ್ಯಾಪಾರದ ಪಾಲಿಗೆ ಹಾಕಿದ್ದ. ಉಳಿದದ್ದನ್ನು ಆಮೇಲೆ ಹ್ಯಾವಿಶಾಮ್ ಕೊಟ್ಟಳು. ಎಲ್ಲ ಕಳೆದುಕೊಂಡ ಪಿಪ್ ಹನ್ನೊಂದು ವರ್ಷ ವಿದೇಶದಲ್ಲಿ ದುಡಿದು ಬದುಕುವುದು ಹರ್ಬರ್ಟ್‌ನ ಅದೇ ಕಂಪನಿಯಲ್ಲಿ. ಡಿಕನ್ಸ್ ಇದನ್ನು ಬೆರಳಿಟ್ಟು ತೋರಿಸುವುದಿಲ್ಲ. ಮ್ಯಾಗ್ವಿಚ್‌ನ ದುಡ್ಡಿನಲ್ಲಿ ಸರಕಾರದ ಕೈಗೆ ಸಿಗದೆ ಉಳಿದ ಪಾಲು ಅದೊಂದೇ, ಪಿಪ್ ಅನ್ನ ತಿಂದದ್ದು ಅದರ ಮೇಲೆಯೇ.