ಎರಡು ಜಿಬಿ ತುಂಬಿದ್ದು ಯಾವುದರಿಂದ?

ಮೈಕ್ರೋಸಾಫ್ಟ್ ಆಕ್ಸೆಸ್ ಫೈಲ್ 2 ಜಿಬಿ ದಾಟುವಂತಿಲ್ಲ. ದಾಖಲೆಗಳನ್ನು ಟೇಬಲ್‌ಗಳಲ್ಲಿ ಇಡುವ, 1992ರಲ್ಲಿ ಬಂದ ಈ ಡೇಟಾಬೇಸ್ ತಂತ್ರಾಂಶದ ಮಿತಿ ಆಕ್ಸೆಸ್ 2000ರಲ್ಲಿ 1 ಜಿಬಿಯಿಂದ 2ಕ್ಕೆ ಏರಿತು, ಅಲ್ಲಿಗೇ ನಿಂತಿತು. ಸದಸ್ಯರ ಪಟ್ಟಿ, ರಸೀದಿ, ದಾಸ್ತಾನುಗಳನ್ನೆಲ್ಲ ಇದರಲ್ಲೇ ಇಟ್ಟುಕೊಂಡ ಸಣ್ಣ ಕಚೇರಿಗಳಿಗೆ ಈ ಗಡಿ ಕಂಡರೆ ದಿಗಿಲು.

ಲೆಕ್ಕ ಹಾಕಿದರೆ ದಿಗಿಲಿಗೆ ಕಾರಣವೇ ಇಲ್ಲ. ಒಂದು ಸಹಕಾರ ಸಂಘದ ಪ್ರತಿ ರಸೀದಿಗೆ 200 ಬೈಟ್ ಎನ್ನೋಣ. ದಿನಕ್ಕೆ 200 ರಸೀದಿ, ವರ್ಷಕ್ಕೆ 300 ದಿನ ಕೆಲಸ. ವರ್ಷಕ್ಕೆ 60,000 ದಾಖಲೆ, ಅಂದರೆ ಬರೀ 12 ಎಂಬಿ. ದಾಖಲೆ ಬೇಗ ಹುಡುಕಲು ನೆರವಾಗುವ ಸೂಚಿಗಳಿಗೆ, ಅಂದರೆ ಇಂಡೆಕ್ಸ್‌ಗಳಿಗೆ, ಇನ್ನೂ ಅಷ್ಟೇ ಜಾಗ ಕೊಟ್ಟರೂ 2 ಜಿಬಿ ತುಂಬಲು ಎಂಬತ್ತು ವರ್ಷ ಬೇಕು. ಹಾಗಿದ್ದೂ ಐದಾರು ವರ್ಷಕ್ಕೇ ಫೈಲ್ ಉಬ್ಬಿ ಕೂತಿದ್ದರೆ, ಉಬ್ಬಿಸಿದ್ದು ರಸೀದಿಗಳಲ್ಲ.

ಮೊದಲ ಅನುಮಾನ ಚಿತ್ರಗಳ ಮೇಲೆ. ಸದಸ್ಯರ ಫೋಟೊ, ಸಹಿ, ಸ್ಕ್ಯಾನ್ ಮಾಡಿದ ಪಹಣಿ ಎಲ್ಲವನ್ನೂ ಟೇಬಲ್ ಒಳಗೇ ಅಂಟಿಸಿದರೆ, ಒಬ್ಬರಿಗೆ 2 ಎಂಬಿಯಂತೆ ಸಾವಿರ ಸದಸ್ಯರಿಗೇ ಗಡಿ ಮುಟ್ಟುತ್ತದೆ. ಚಿತ್ರಗಳು ಬೇರೆ ಫೋಲ್ಡರಿನಲ್ಲಿರಲಿ, ಟೇಬಲ್‌ನಲ್ಲಿ ಅವು ಎಲ್ಲಿವೆ ಎಂಬ ವಿಳಾಸವಷ್ಟೇ ಸಾಕು. ಆ ಫೋಲ್ಡರಿಗೂ ಬ್ಯಾಕಪ್ ಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಎರಡನೆಯದು ಅಳಿಸಿದ ದಾಖಲೆ. ಲೆಕ್ಕದ ಪುಸ್ತಕದಲ್ಲಿ ಸಾಲಿಗೆ ಗೀಟು ಹೊಡೆದರೆ ಪುಸ್ತಕ ತೆಳ್ಳಗಾಗುವುದಿಲ್ಲವಲ್ಲ, ಇದೂ ಹಾಗೆಯೇ. ತಿಂಗಳ ವರದಿಗಾಗಿ ತಾತ್ಕಾಲಿಕ ಟೇಬಲ್ ತುಂಬಿಸಿ, ಅಳಿಸಿ, ಮತ್ತೆ ತುಂಬಿಸುತ್ತಿದ್ದರೆ ಒಳಗೆ ಖಾಲಿ ಜಾಗ ಸೇರುತ್ತಾ ಹೋಗುತ್ತದೆ. ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಒತ್ತಿದಾಗ ಆಕ್ಸೆಸ್ ಬೇಕಾದ್ದನ್ನಷ್ಟೇ ಹೊಸ ಫೈಲಿಗೆ ಬರೆದು ಹಳೆಯದನ್ನು ಬಿಡುತ್ತದೆ. ಆಗ ಬೇರೆ ಯಾರೂ ಫೈಲ್ ತೆರೆದಿರಬಾರದು, ಮೊದಲು ಒಂದು ಪ್ರತಿ ತೆಗೆದಿಟ್ಟಿರಬೇಕು.

ಕನ್ನಡದಲ್ಲಿ ದಾಖಲೆ ಇಡುವವರಿಗೆ ಇನ್ನೊಂದು ವಿಷಯ. ಆಕ್ಸೆಸ್‌ನ ಯೂನಿಕೋಡ್ ಸಂಕುಚನ, ಅಂದರೆ ಅಕ್ಷರಗಳನ್ನು ಕಡಿಮೆ ಜಾಗದಲ್ಲಿಡುವ ಸೌಲಭ್ಯ, ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ತೆಗೆದುಕೊಳ್ಳುತ್ತದೆ, ಕನ್ನಡಕ್ಕೆ ಆ ರಿಯಾಯಿತಿ ಇಲ್ಲ. ‘ಕರ್ನಾಟಕ’ ಪದದಲ್ಲಿ ಒತ್ತಕ್ಷರ ಕೂಡಿಸುವ ಚಿಹ್ನೆ (್), ದೀರ್ಘ ಸೇರಿ ಏಳು ಸಂಕೇತಗಳು, ತಲಾ ಎರಡು ಬೈಟ್, ಒಟ್ಟು 14. ಯುಟಿಎಫ್-8 ಎಂಬ ಇನ್ನೊಂದು ಸಂಕೇತ ಪದ್ಧತಿ ಬಳಸುವ ವ್ಯವಸ್ಥೆಗಳಲ್ಲಿ ತಲಾ ಮೂರರಂತೆ 21. ಹೆಸರು, ಊರುಗಳ ಮಟ್ಟಿಗೆ ಇದು ಚಿಲ್ಲರೆ ಖರ್ಚು. ಜಾಗ ಉಳಿಸಲೆಂದು ಕನ್ನಡ ಬಿಡಬೇಕು ಎನ್ನುವವರ ಮಾತು ನಂಬಬೇಡಿ.

ಇನ್ನು ನಿಧಾನಗತಿ. ಗಾತ್ರ ಬೆಳೆದಿದ್ದಕ್ಕೇ ನಿಧಾನ ಎಂದು ಎಲ್ಲರೂ ಹೇಳುತ್ತಾರೆ, ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಒಂದು ಉತ್ತರಕ್ಕಾಗಿ ಎಷ್ಟು ಓದಬೇಕಾಗುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಐದು ಲಕ್ಷ ರಸೀದಿಗಳಲ್ಲಿ ಒಂದನ್ನು ಹುಡುಕಲು ಇಂಡೆಕ್ಸ್ ಇಲ್ಲದಿದ್ದರೆ 100 ಎಂಬಿಯನ್ನೂ ಜಾಲಾಡಬೇಕು. ಇಂಡೆಕ್ಸ್ ಇದ್ದರೆ? ಆಕ್ಸೆಸ್ ದತ್ತಾಂಶವನ್ನು 4 ಕೆಬಿ ಪುಟಗಳಲ್ಲಿ ಇಡುತ್ತದೆ. ಇಂಡೆಕ್ಸಿನ ಒಂದು ಪುಟದಲ್ಲಿ ನೂರು ರಸೀದಿ ಸಂಖ್ಯೆ ಹಿಡಿದರೆ, ಮೇಲಿನ ಪುಟ ನೂರು ಪುಟಗಳಿಗೆ ದಾರಿ ತೋರುತ್ತದೆ, ಅವು ಹತ್ತು ಸಾವಿರಕ್ಕೆ. ಮೂರೇ ಹಂತದಲ್ಲಿ ಹತ್ತು ಲಕ್ಷ ದಾಖಲೆ ಕೈಗೆಟಕುತ್ತದೆ. ಓದಿದ್ದು ಇಂಡೆಕ್ಸಿನ ಮೂರು ಪುಟ, ದಾಖಲೆಯಿರುವ ಇನ್ನೊಂದು, ಒಟ್ಟು 16 ಕೆಬಿ. ಬಿ-ಟ್ರೀ ಎಂಬ ಈ ರಚನೆಯನ್ನು ರೂಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ರೂಪಿಸಿದ್ದು ವಿಮಾನ ಕಂಪನಿ ಬೋಯಿಂಗ್‌ನ ಸಂಶೋಧನಾಲಯದಲ್ಲಿ, ಅವರ ಪ್ರಬಂಧ ಪ್ರಕಟವಾದದ್ದು 1972ರಲ್ಲಿ.

ಇಂಡೆಕ್ಸ್ ಇದ್ದೂ ಕೆಲಸಕ್ಕೆ ಬಾರದಂತೆ ಪ್ರಶ್ನೆ ಕೇಳುವುದೂ ಉಂಟು. ತಾರೀಖಿನಿಂದ ವರ್ಷ ಬೇರ್ಪಡಿಸಿ ‘2024 ಇದ್ದವನ್ನು ಕೊಡು’ ಎಂದರೆ ಪ್ರತಿ ದಾಖಲೆಯನ್ನೂ ಮುಟ್ಟಿ ನೋಡಬೇಕು. ‘2024ರ ಜನವರಿ 1ರಿಂದ, 2025ರ ಜನವರಿ 1ಕ್ಕಿಂತ ಮೊದಲು’ ಎಂದರೆ ಇಂಡೆಕ್ಸ್ ನೇರವಾಗಿ ಅಲ್ಲಿಗೇ ಒಯ್ಯುತ್ತದೆ. ‘ಮೂರ್ತಿ’ಯಲ್ಲಿ ಕೊನೆಯಾಗುವ ಹೆಸರುಗಳನ್ನು ಹುಡುಕುವುದೂ ದುಬಾರಿ, ‘ಕೃಷ್ಣ’ದಿಂದ ಶುರುವಾಗುವವು ಅಗ್ಗ. ಹಾಗೆಂದು ಕಂಡಕಂಡ ಕಾಲಮ್ಮಿಗೆಲ್ಲ ಇಂಡೆಕ್ಸ್ ಹಾಕಿದರೆ, ಹೊಸ ರಸೀದಿ ಸೇರಿಸುವಾಗ ಅಷ್ಟನ್ನೂ ತಿದ್ದಬೇಕಾಗುತ್ತದೆ.

ಫೈಲ್ ಒಂದು ಕಂಪ್ಯೂಟರಿನಲ್ಲಿದ್ದು ನಾಲ್ವರು ನೆಟ್‌ವರ್ಕ್ ಮೂಲಕ ತೆರೆದಾಗ ಈ ಲೆಕ್ಕ ಇನ್ನೂ ಚುರುಕು ಮುಟ್ಟಿಸುತ್ತದೆ. ಆಕ್ಸೆಸ್‌ನಲ್ಲಿ ಹುಡುಕಾಟ ನಡೆಯುವುದು ಕೇಳಿದವರ ಕಂಪ್ಯೂಟರಿನಲ್ಲಿ, ಪುಟಗಳು ತಂತಿಯ ಮೇಲೆ ಅಲ್ಲಿಗೆ ಬರಬೇಕು. ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ನೆಟ್‌ವರ್ಕಿನಲ್ಲಿ 100 ಎಂಬಿಗೆ ಕನಿಷ್ಠ ಎಂಟು ಸೆಕೆಂಡು, ನಾಲ್ವರೂ ಒಟ್ಟಿಗೆ ಕೇಳಿದರೆ ಅರ್ಧ ನಿಮಿಷ. ಆದ್ದರಿಂದ ಟೇಬಲ್‌ಗಳಷ್ಟೇ ಹಂಚಿದ ಫೈಲಿನಲ್ಲಿರಲಿ. ಫಾರಂ, ರಿಪೋರ್ಟ್, ತಾತ್ಕಾಲಿಕ ಟೇಬಲ್‌ಗಳಿರುವ ಇನ್ನೊಂದು ಫೈಲ್ ಪ್ರತಿಯೊಬ್ಬರ ಬಳಿಯೂ ಇರಲಿ. ಇದು ಉಬ್ಬಿದರೆ ಎಸೆದು ಹೊಸ ಪ್ರತಿ ಹಾಕಿಕೊಳ್ಳಬಹುದು. ವೈ-ಫೈ ಬೇಡ, ಬರೆಯುವ ನಡುವೆ ಸಂಪರ್ಕ ಕಡಿದರೆ ಫೈಲೇ ಕೆಡಬಹುದು.

ಏಕಕಾಲಕ್ಕೆ 255 ಮಂದಿ ಬಳಸಬಹುದು ಎನ್ನುತ್ತದೆ ಮೈಕ್ರೋಸಾಫ್ಟ್. ಇಪ್ಪತ್ತು ದಾಟುವ ಮೊದಲೇ ಡೇಟಾಬೇಸ್ ಸರ್ವರ್ ಒಂದಕ್ಕೆ ಹೋಗುವುದು ಮೇಲು ಎನ್ನುತ್ತೇನೆ ನಾನು. ಅಂಥ ತಂತ್ರಾಂಶಗಳಲ್ಲಿ ಮೈಕ್ರೋಸಾಫ್ಟ್‌ನದೇ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ ಉಚಿತ, 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಇನ್ನೊಂದಕ್ಕೆ ಅಂಥ ಮಿತಿಯಿಲ್ಲ. ಅಲ್ಲಿ ಹುಡುಕಾಟ ಸರ್ವರಿನಲ್ಲೇ ಮುಗಿದು ಉತ್ತರ ಮಾತ್ರ ತಂತಿಯೇರುತ್ತದೆ, ಹಳೆಯ ಫಾರಂಗಳನ್ನು ಹಾಗೇ ಅದಕ್ಕೆ ಜೋಡಿಸಬಹುದು. ಆದರೆ ತೆರೆದ ಕೂಡಲೇ ಇಡೀ ಟೇಬಲ್ ತರಿಸುವ ಫಾರಂ ಅಲ್ಲೂ ಇಡೀ ಟೇಬಲ್ಲನ್ನೇ ತರಿಸುತ್ತದೆ. ಸ್ಥಳಾಂತರಕ್ಕೆ ಮುಂಚೆಯೇ ಅದನ್ನು ತಿದ್ದಿ, ಸದಸ್ಯರ ಸಂಖ್ಯೆ ಕೇಳಿ ಆ ಒಬ್ಬರ ರಸೀದಿಗಳನ್ನಷ್ಟೇ ತೋರಿಸುವಂತೆ ಮಾಡಿಕೊಳ್ಳಬೇಕು.