ಜ್ಯಾಕಿನ ಸ್ವಿಚ್ ಕಾಲು ದಂಡಕ್ಕಿಲ್ಲ

ಮಿಕ್ಸರ್, ಆಂಪ್ಲಿಫೈಯರ್ ಕಟ್ಟಿಕೊಂಡು ಮೈಸೂರಿನ ನನ್ನ ರಿಪೇರಿ ಅಂಗಡಿಗೆ ಬರುವವರ ದೂರು ಹೆಚ್ಚೂಕಮ್ಮಿ ಒಂದೇ. "ಸರ್, ಗುಂಯ್ ಅಂತಿದೆ. ಫಿಲ್ಟರ್ ಕೆಪಾಸಿಟರ್ ದೊಡ್ಡದು ಹಾಕ್ದೆ, ಟ್ರಾನ್ಸ್‌ಫಾರ್ಮರ್ ಬದಲಾಯಿಸ್ದೆ, ಹೋಗ್ತಾನೇ ಇಲ್ಲ." ಡಬ್ಬ ಬಿಚ್ಚಿದರೆ ಇನ್‌ಪುಟ್ ಜ್ಯಾಕಿನ (ಮೈಕಿನ ಪಿನ್ ಸಿಕ್ಕಿಸುವ ತೂತಿನ) ಸ್ವಿಚ್ ಕಾಲು, ಅಂದರೆ ಪಿನ್ ಇಲ್ಲದಾಗ ಮಾತ್ರ ಸಿಗ್ನಲ್ ಕಾಲಿಗೆ ತಾಗುವ ಕಾಲು, ಯಾವ ವೈರೂ ಇಲ್ಲದೆ ಖಾಲಿ ಇರುತ್ತದೆ. ಸುಮ್ನೆ ದುಡ್ಡು ಖರ್ಚು ಮಾಡಿರುತ್ತಾರೆ. ಬೇಕಾಗಿದ್ದು ಒಂದು ತುಂಡು ವೈರು.

ಏನೂ ಸಿಕ್ಕಿಸದ ಇನ್‌ಪುಟ್ ಆಂಟೆನಾ ಇದ್ದ ಹಾಗೆ. ಇನ್‌ಪುಟ್ ರೆಸಿಸ್ಟರ್ ಒಂದು ಮೆಗಾಓಮ್ ಇದ್ದರಂತೂ ಗೋಡೆಯ ವೈರಿಂಗ್‌ನ 50 ಹರ್ಟ್ಸ್ ಸಲೀಸಾಗಿ ಒಳಗೆ ಬರುತ್ತದೆ. ಸ್ವಿಚ್ ಕಾಲನ್ನು ಸರ್ಕ್ಯೂಟಿನ ಗ್ರೌಂಡಿಗೆ (ಸೊನ್ನೆ ವೋಲ್ಟಿನ ವೈರಿಗೆ) ಸೇರಿಸಿದರೆ ಖಾಲಿ ಚಾನೆಲ್ ತೆಪ್ಪಗಾಗುತ್ತದೆ.

ಇಲ್ಲೇ ಎಲ್ಲರೂ ಹೆದರುವುದು. ಮಂಡ್ಯದಿಂದ ಬಂದಿದ್ದ ಇಂಜಿನಿಯರಿಂಗ್ ಹುಡುಗಿಯೊಬ್ಬಳು ಗಣೇಶನ ಹಬ್ಬದ ಆರ್ಕೆಸ್ಟ್ರಾಗೆಂದು ಆರು ಚಾನೆಲ್‌ನ ಮಿಕ್ಸರ್ ಮಾಡಿದ್ದಳು. ಬೆಸುಗೆ ಬಹಳ ಚೆನ್ನಾಗಿತ್ತು. "ಟಿಪ್ ಗ್ರೌಂಡಿಗೆ ಹೋದ್ರೆ ಮೈಕೇ ಸತ್ತುಹೋಗಲ್ವಾ ಸರ್?" ಅಂದಳು. ಟಿಪ್ ಅಂದರೆ ಪಿನ್ನಿನ ತುದಿ, ಸಿಗ್ನಲ್ ಬರುವ ಕಡೆ. ಹೋಗಲ್ಲಮ್ಮ. ಪಿನ್ ಇಲ್ಲದಿದ್ದಾಗ ಮಾತ್ರ ಟಿಪ್‌ನ ಪಟ್ಟಿ ಸ್ವಿಚ್ ಪಟ್ಟಿಗೆ ಒತ್ತಿಕೊಂಡಿರುತ್ತದೆ. ಪಿನ್ ಒಳಗೆ ಹೋಗುತ್ತಲೇ ಟಿಪ್ ಪಟ್ಟಿಯನ್ನು ತಳ್ಳುತ್ತದೆ, ಎರಡೂ ಬೇರೆಯಾಗುತ್ತವೆ. ಆಮೇಲೆ ಮೈಕಿನ ಸಿಗ್ನಲ್‌ಗೂ ಸ್ವಿಚ್ ಕಾಲಿನ ಗ್ರೌಂಡಿಗೂ ಸಂಬಂಧವೇ ಇಲ್ಲ. ಮಾತಲ್ಲಿ ಹೇಳಿದರೆ ನಂಬಿಕೆ ಬರಲ್ಲ, ಅದಕ್ಕೇ ಮಲ್ಟಿಮೀಟರನ್ನು ಅವಳ ಕೈಗೇ ಕೊಟ್ಟೆ. ಒಂದು ಕಡ್ಡಿ ಟಿಪ್ ಕಾಲಿಗೆ, ಇನ್ನೊಂದು ಸ್ವಿಚ್ ಕಾಲಿಗೆ. ಬೀಪ್ ಅಂತು. ಪಿನ್ ಹಾಕಿದಳು, ಬೀಪ್ ನಿಂತಿತು. ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದಳು. ಅವಳ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯ್ತು.

ಈ ಪರೀಕ್ಷೆಯನ್ನು ಎಲ್ಲರೂ ಮಾಡಲೇಬೇಕು. ಕಾಲುಗಳ ಜಾಗ ಎಲ್ಲ ಕಂಪನಿಯ ಜ್ಯಾಕಿನಲ್ಲೂ ಒಂದೇ ಇರುವುದಿಲ್ಲ. ಅಂದಾಜಿನ ಮೇಲೆ ಟಿಪ್ ಕಾಲನ್ನೇ ಗ್ರೌಂಡಿಗೆ ಹಾಕಿದರೆ ಆಗ ನಿಜವಾಗಿಯೂ ಮೈಕ್ ಸಾಯುತ್ತದೆ. ಸ್ಟೀರಿಯೋ ಇನ್‌ಪುಟ್ ಆದರೆ ಟಿಪ್‌ಗೊಂದು, ರಿಂಗ್‌ಗೊಂದು (ತುದಿಯ ಹಿಂದಿನ ಉಂಗುರಕ್ಕೆ) ಸ್ವಿಚ್ ಕಾಲು ಇರಬಹುದು. ಎರಡನ್ನೂ ಸೇರಿಸಿ. ಊರೂರು ಸುತ್ತಿದ ಮೈಕ್ ಸೆಟ್ಟಿನಲ್ಲಿ ಪಟ್ಟಿ ಸಡಿಲವಾಗಿಯೋ ಕಿಲುಬು ಹಿಡಿದೋ ಗುಂಯ್ ಮತ್ತೆ ಶುರುವಾಗುವುದೂ ಉಂಟು.

ಎಲ್ಲ ಗುಂಯ್‌ಗೂ ಇದೇ ಮದ್ದು ಅಂತ ನಾನು ಹೇಳುತ್ತಿಲ್ಲ. ಖಾಲಿ ಚಾನೆಲ್‌ನ ವಾಲ್ಯೂಮ್ ಪೂರ್ತಿ ಇಳಿಸಿ ನೋಡಿ. ಸದ್ದು ನಿಂತರೆ ಬಹುಪಾಲು ಇನ್‌ಪುಟ್ಟಿನದೇ ತೊಂದರೆ. ನಿಲ್ಲದಿದ್ದರೆ ಪವರ್ ಸಪ್ಲೈ ನೋಡಿ. ಎಲೆಕ್ಟ್ರೆಟ್ ಮೈಕಿಗೆ (ಕೆಲಸ ಮಾಡಲು ವೋಲ್ಟೇಜ್ ಬೇಕಾಗುವ ಚಿಕ್ಕ ಮೈಕಿಗೆ) ಜ್ಯಾಕಿನಲ್ಲೇ ವೋಲ್ಟೇಜ್ ಕೊಟ್ಟಿದ್ದರೂ ಸ್ವಲ್ಪ ಯೋಚಿಸಿ. 9 ವೋಲ್ಟ್ ಬ್ಯಾಟರಿ, 4.7 ಕಿಲೋಓಮ್ ರೆಸಿಸ್ಟರ್ ಇದ್ದರೆ ಮೈಕ್ ತೆಗೆದಿಟ್ಟಾಗಲೂ ಸ್ವಿಚ್ ಕಾಲಿನ ಮೂಲಕ ಗ್ರೌಂಡಿಗೆ ಸುಮಾರು 2 ಮಿಲಿಆಂಪ್ ಹರಿಯುತ್ತಲೇ ಇರುತ್ತದೆ.

ಇನ್‌ಪುಟ್‌ಗೆ ಹೇಳಿದ್ದನ್ನು ಔಟ್‌ಪುಟ್‌ಗೆ ಮಾತ್ರ ದಯವಿಟ್ಟು ಮಾಡಬೇಡಿ. ಪಿನ್ ಇಲ್ಲದಾಗ ಔಟ್‌ಪುಟ್ ನೇರ ಗ್ರೌಂಡಿಗೆ ಶಾರ್ಟ್ ಆಗುತ್ತದೆ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಆದರೆ ಸುಟ್ಟೂ ಹೋಗಬಹುದು. ರೇಡಿಯೋದ ಇಯರ್‌ಫೋನ್ ಜ್ಯಾಕಿನಲ್ಲಿ ಸ್ವಿಚ್ ಕಾಲು ಸ್ಪೀಕರಿಗೆ ಹೋಗುತ್ತದೆ, ಗ್ರೌಂಡಿಗಲ್ಲ. ಪಿಎಎಂ8403 ತರಹದ ಚಿಪ್ ಇರುವ ಚಿಕ್ಕ ಆಂಪ್ಲಿಫೈಯರ್ ಬೋರ್ಡಿನಲ್ಲಂತೂ ಸ್ಪೀಕರಿನ ಎರಡು ವೈರುಗಳಲ್ಲಿ ಯಾವುದೂ ಗ್ರೌಂಡ್ ಅಲ್ಲ. ಅದಕ್ಕೆ ಮಾಮೂಲಿ ಇಯರ್‌ಫೋನ್ ಜ್ಯಾಕ್ ಹಾಕುವ ಆಸೆ ಬೇಡ.