ಗಿರಾಕಿಯ ಕಾರ್ಡ್ ನಂಬರ್ ನಿಮ್ಮ ಅಂಗಡಿಯಲ್ಲಿ ಎಲ್ಲೆಲ್ಲಿ ಕೂತಿದೆ?

ಮೊಳಕಾಲ್ಮೂರಿನ ರೇಷ್ಮೆ ಸೀರೆ, ಚಳ್ಳಕೆರೆಯ ಕಂಬಳಿಗಳನ್ನು ಆನ್‌ಲೈನ್‌ನಲ್ಲಿ ಮಾರುವವರು ವೆಬ್‌ಸೈಟಿಗಿಂತ ಮೊದಲು ಅಂಗಡಿಯ ಮೊಬೈಲ್ ತೆಗೆದು ನೋಡಬೇಕು. ಬೆಂಗಳೂರಿನ ಗಿರಾಕಿಗೆ ಪೇಮೆಂಟ್ ಆಗುವುದಿಲ್ಲ. 'ಅಣ್ಣಾ, ಕಾರ್ಡ್ ಫೋಟೊ ಕಳಿಸ್ತೀನಿ, ನೀವೇ ಹಾಕ್ಕೊಳ್ಳಿ' ಎಂದು ಕಾರ್ಡಿನ ಎರಡೂ ಬದಿಯ ಫೋಟೊ ವಾಟ್ಸ್‌ಆ್ಯಪ್ ಮಾಡುತ್ತಾರೆ. ಆ ಫೋಟೊ ತಾನಾಗಿ ಗ್ಯಾಲರಿಗೆ ಇಳಿಯುತ್ತದೆ, ಬ್ಯಾಕಪ್ ಆನ್ ಇದ್ದರೆ ಗೂಗಲ್ ಫೋಟೋಸ್‌ಗೂ ಹೋಗುತ್ತದೆ. ಚಾಟ್ ಅಳಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಗ್ಯಾಲರಿಯಿಂದ ತೆಗೆಯಿರಿ, ಕಸದಬುಟ್ಟಿಯನ್ನೂ ಖಾಲಿ ಮಾಡಿ. ಬ್ಯಾಕಪ್ ಆದ ಫೋಟೊ ಅಲ್ಲಿ 60 ದಿನ ಉಳಿದಿರುತ್ತದೆ. ಕಂಪ್ಯೂಟರಿನಲ್ಲಿ ವಾಟ್ಸ್‌ಆ್ಯಪ್ ತೆರೆದಿದ್ದರೆ ಡೌನ್‌ಲೋಡ್ ಫೋಲ್ಡರ್ ನೋಡಿ. ಗಿರಾಕಿಗೆ ಪೇಮೆಂಟ್ ಲಿಂಕ್ ಕಳಿಸಿ, ಆ ಕಾರ್ಡನ್ನು ಬ್ಲಾಕ್ ಮಾಡಿಸಿ ಹೊಸದು ತೆಗೆದುಕೊಳ್ಳಲು ಹೇಳಿ. ಮುಜುಗರದ ಮಾತೇ, ಆದರೂ ಹೇಳಿ.

ಮುಂದಿನ ಸಲಕ್ಕೆ ಬೇಕಾಗುತ್ತದೆಂದು ಕಾರ್ಡ್ ನಂಬರನ್ನು ಎಕ್ಸೆಲ್‌ನಲ್ಲಿ ಬರೆದಿಡುವವರೂ ಇದ್ದಾರೆ. 2022ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ವೀಸಾ, ರುಪೇಯಂಥ ನೆಟ್‌ವರ್ಕ್ ಬಿಟ್ಟು ಬೇರೆ ಯಾರೂ ಅದನ್ನು ಇಟ್ಟುಕೊಳ್ಳುವಂತಿಲ್ಲ. ಲೆಕ್ಕ ತಾಳೆ ನೋಡಲು ಕೊನೆಯ 4 ಅಂಕಿ ಮತ್ತು ಬ್ಯಾಂಕಿನ ಹೆಸರು ಸಾಕು. ಗಿರಾಕಿ ಒಪ್ಪಿದರೆ ಗೇಟ್‌ವೇ (ಆನ್‌ಲೈನ್ ಪೇಮೆಂಟ್ ನಡೆಸಿಕೊಡುವ ಕಂಪನಿ) ಮೂಲಕ ಟೋಕನ್, ಅಂದರೆ ಕಾರ್ಡ್ ನಂಬರಿನ ಬದಲಿಗೆ ಬಳಸುವ ಸಂಕೇತ, ಮಾಡಿಸಬಹುದು. ಅದು ನಿಮ್ಮ ಅಂಗಡಿಗಷ್ಟೇ ನಡೆಯುವುದರಿಂದ ಕದ್ದವನಿಗೆ ಬೇರೆಡೆ ಉಪಯೋಗಕ್ಕೆ ಬರದು. ಕಾರ್ಡಿನ ಮೇಲಿರುವ ಗುಟ್ಟಿನ ಅಂಕಿ ಸಿವಿವಿಯನ್ನಂತೂ ಗೂಢಲಿಪಿ ಮಾಡಿಯೂ ಇಡುವಂತಿಲ್ಲ.

ಇನ್ನು ವೆಬ್‌ಸೈಟ್. ಕಾರ್ಡ್ ನಂಬರ್ ತುಂಬುವ ಫಾರಂ ನಿಮ್ಮದಾಗಿರದೆ ಗೇಟ್‌ವೇಯವರ ಪುಟವೇ ಆಗಿರಲಿ. ನೋಡಲು ಚೆಂದ ಎಂದು ಸ್ವಂತ ಫಾರಂ ಮಾಡಿಸಿಕೊಂಡರೆ ನಂಬರ್ ನಿಮ್ಮ ಸರ್ವರ್ ಹಾದು ಹೋಗುತ್ತದೆ. ಡೆವಲಪರ್ ಯಾವುದೋ ದೋಷ ಹುಡುಕಲು ಡೀಬಗ್ ಲಾಗ್ (ಸೈಟಿನಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಕಡತ) ಆನ್ ಮಾಡಿ ಮರೆತಿರುತ್ತಾನೆ. ಅಲ್ಲಿಂದಾಚೆ ಬಂದ ಪ್ರತಿ ಕಾರ್ಡೂ ಆ ಕಡತದಲ್ಲಿ ಸಾಲುಸಾಲಾಗಿ ಬೀಳುತ್ತದೆ. ಅದೇ ಕಡತ ಬ್ಯಾಕಪ್ ಜಿಪ್‌ನೊಳಗೆ ಸೇರಿ, ಯಾರು ಬೇಕಾದರೂ ಇಳಿಸಿಕೊಳ್ಳುವ ಫೋಲ್ಡರಿನಲ್ಲಿ ಕೂತಿರುತ್ತದೆ.

ಇದನ್ನು ಹತ್ತೇ ನಿಮಿಷದಲ್ಲಿ ಪರೀಕ್ಷಿಸಬಹುದು. ಗೇಟ್‌ವೇಯನ್ನು ಟೆಸ್ಟ್ ಮೋಡ್‌ಗೆ ಹಾಕಿ, 4111 1111 1111 1111 ಎಂಬ ಪರೀಕ್ಷಾ ನಂಬರಿನಿಂದ ಒಂದು ಆರ್ಡರ್ ಮಾಡಿ (ನಿಮ್ಮ ಗೇಟ್‌ವೇ ಬೇರೆ ನಂಬರ್ ಕೊಟ್ಟಿದ್ದರೆ ಅದನ್ನೇ ಬಳಸಿ). ನಂತರ ಲಾಗ್, ಡೇಟಾಬೇಸ್, ಆರ್ಡರ್ ಬಂದಾಗ ನಿಮಗೆ ಬರುವ ಇಮೇಲ್, ಎಲ್ಲದರಲ್ಲೂ ಆ ನಂಬರನ್ನು ನಡುವೆ ಜಾಗ ಬಿಟ್ಟೂ ಬಿಡದೆಯೂ ಹುಡುಕಿ. ಒಂದೇ ಒಂದು ಕಡೆ ಸಿಕ್ಕರೂ ಗಿರಾಕಿಗಳ ನಂಬರೂ ಅಲ್ಲೇ ಇದೆ ಎಂದರ್ಥ. 'ಸೂಚನೆ ಬರೆಯಿರಿ' ಎಂಬ ಖಾನೆಯನ್ನೂ ನೋಡಿ, ಕೆಲವರು ಕಾರ್ಡ್ ವಿವರ ಅಲ್ಲೇ ಬರೆದುಬಿಡುತ್ತಾರೆ. ಅಲ್ಲಿ 13ರಿಂದ 19 ಅಂಕಿ ಸಾಲಾಗಿ ಬಂದರೆ ಸ್ವೀಕರಿಸದಂತೆ ಮಾಡಿಸಿ.

ಸೈಟಿಗೆ ಕನ್ನ ಬಿದ್ದಿದೆ ಎನಿಸಿದರೆ ಗಾಬರಿಯಲ್ಲಿ ಸರ್ವರ್ ಅಳಿಸಿ ಹೊಸದಾಗಿ ಹಾಕಿಸಬೇಡಿ, ಕಳ್ಳ ಬಂದ ದಾರಿ ತಿಳಿಯುವುದು ಆ ಲಾಗ್‌ಗಳಿಂದಲೇ. ಅವುಗಳ ಪ್ರತಿ ತೆಗೆದಿಡಿ, ಪೇಮೆಂಟ್ ನಿಲ್ಲಿಸಿ, ಗೇಟ್‌ವೇಯ ಕೀಗಳನ್ನು (ನಿಮ್ಮ ಸೈಟನ್ನು ಗೇಟ್‌ವೇಗೆ ಜೋಡಿಸುವ ಗುಟ್ಟಿನ ಸಂಕೇತಗಳನ್ನು) ಬದಲಿಸಿ. ವಿಷಯ ತಿಳಿದ 6 ಗಂಟೆಯೊಳಗೆ ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕು.